ಎಲೆಗೆ ಹಾಕಿದ ರಫೂ

ನನ್ನ ಹೊಲಿಗೆಯನ್ನು ಇವತ್ತಿನವರೆಗೆ ಯಾರೂ ಕಂಡುಹಿಡಿದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ ಕಾಲವೊಂದಿತ್ತು. ನಲವತ್ತೊಂದು ವರ್ಷ ರಫೂ ಹಾಕಿದ ಕೈ ಇದು. ಇಲಿ ಕಡಿದ ಕೋಟು, ಸಿಗರೇಟಿನ ಕಿಡಿ ಬಿದ್ದ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಏನೇ ತಂದುಕೊಟ್ಟರೂ ಅದೇ ಬಟ್ಟೆಯ ಒಳಮಡಿಕೆಯಿಂದ ನಾಲ್ಕು ಎಳೆ ಬಿಡಿಸಿ, ಅದರಿಂದಲೇ ತೂತಿನ ಮೇಲೆ ಹೊಸದಾಗಿ ನೇಯ್ದುಬಿಡುತ್ತೇನೆ. ಗಿರಾಕಿಗಳು ಬಟ್ಟೆಯನ್ನು ಬೆಳಕಿಗೆ ಹಿಡಿದು, "ಎಲ್ಲಿ ಹರಿದಿತ್ತು?" ಎಂದು ನನ್ನನ್ನೇ ಕೇಳುತ್ತಾರೆ. "ನನಗೂ ಮರೆತುಹೋಯ್ತು," ಎನ್ನುತ್ತೇನೆ. ಇಂಥ ನಾನು ಒಂದು ಗಿಡದ ಎಲೆಯ ಮುಂದೆ ಮಾನ ಕಳೆದುಕೊಂಡ ಕಥೆ ಇದು. ಕಳೆದುಕೊಂಡದ್ದಕ್ಕೆ ಬೇಸರವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಇಸ್ತ್ರಿ ಅಂಗಡಿಯ ಮೇಲಿನ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದಿನ ಕೋಣೆಗೆ ಬೀದಿಯ ಕಡೆ ಒಂದು ದೊಡ್ಡ ಕಿಟಕಿ. ಆ ಕಿಟಕಿಗೆ ಒತ್ತಿಕೊಂಡು ನನ್ನ ಕುರ್ಚಿ. ರಫೂ ಕೆಲಸಕ್ಕೆ ಬಲ್ಬಿನ ಬೆಳಕು ಆಗಿಬರುವುದಿಲ್ಲ. ಬಲ್ಬಿನಡಿ ಕಪ್ಪು ದಾರ ಯಾವುದು, ಕಡುನೀಲಿ ಯಾವುದು ಎಂದು ದೇವರಿಗೂ ಗೊತ್ತಾಗದು. ಹೆಂಡತಿ ಇದ್ದಾಗಲೂ ಆ ಕಿಟಕಿಗೆ ಒಂದು ಟವಲು ಒಣಹಾಕಲು ನಾನು ಬಿಟ್ಟವನಲ್ಲ. ಅವಳು ಹೋಗಿ ಆರು ವರ್ಷವಾಯಿತು. ಆಮೇಲೆ ಟವಲು ಹಾಕುವವರೂ ಇರಲಿಲ್ಲ, ನನ್ನಿಂದ ಬೈಸಿಕೊಳ್ಳುವವರೂ ಇರಲಿಲ್ಲ.

ಎರಡು ವರ್ಷದ ಹಿಂದೆ ಮಗನ ಮದುವೆಯಾಗಿ ಸೊಸೆ ಬಂದಳು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ಅವಳದು. ಬರುವಾಗ ಎರಡು ಟ್ರಂಕು ತಂದಳು, ಜೊತೆಗೆ ಕುಂಡದಲ್ಲಿ ಒಂದು ಗಿಡ. ತೀರಿಕೊಂಡ ಅವಳ ತಾಯಿ ಸಾಕಿದ ಗಿಡವಂತೆ. ಅದಕ್ಕೊಂದು ಉದ್ದದ ಹೆಸರಿತ್ತು. ಅದಕ್ಕೆ ನನ್ನ ನಾಲಿಗೆ ಹೊರಳಲಿಲ್ಲ. ಊಟದ ತಟ್ಟೆಯಷ್ಟಗಲದ ಎಲೆಗಳನ್ನು ನೋಡಿ ನಾನೇ 'ದೊಡ್ಡೆಲೆ' ಎಂದು ಕರೆದೆ, ಆ ಹೆಸರೇ ನಿಂತಿತು. ಟ್ರಂಕುಗಳಲ್ಲಿ ಒಂದನ್ನು ಬಿಚ್ಚಿ ಬೀರುವಿಗೆ ಜೋಡಿಸಿದಳು. ಇನ್ನೊಂದು ಬೀಗ ಹಾಕಿದ ಹಾಗೆಯೇ ಮಂಚದ ಕೆಳಗೆ ಸೇರಿತು. ಗಿಡವನ್ನು ಮಾತ್ರ ನೇರವಾಗಿ ನನ್ನ ಕಿಟಕಿಯ ಮುಂದೆ ತಂದಿಟ್ಟಳು.

"ಮಾವ, ಇದಕ್ಕೆ ಬೆಳಕು ಬೇಕು," ಎಂದಳು.

"ನನಗೂ ಬೇಕು," ಎಂದೆ.

ಗಿಡ ಅಡುಗೆಮನೆಯ ಮೂಲೆಗೆ ಹೋಯಿತು. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಹುಟ್ಟಿದವನು ನಾನು. ಅದು ಬಂದಷ್ಟೇ ಬೇಗ ಇಳಿಯುತ್ತದೆ, ಆದರೆ ಇಳಿಯಿತು ಎಂದು ಬಾಯಿಬಿಟ್ಟು ಹೇಳುವುದು ನನ್ನ ಜಾಯಮಾನದಲ್ಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನನ್ನ ಹೆಂಡತಿ ನನ್ನನ್ನು ನೋಡಿಯೇ ಹೇಳುತ್ತಿದ್ದಳು.

ಮಗ ಲಾರಿ ಓಡಿಸುತ್ತಾನೆ. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ಇರುತ್ತಿದ್ದವರು ನಾನು ಮತ್ತು ಸೊಸೆ. ಸಂಜೆ ಬಂದವಳೇ ಟೀ ಇಟ್ಟು, ಅವತ್ತು ಯಾರ ಮೊಣಕೈ ಮುರಿದಿತ್ತು, ಯಾವ ಮಗು ಗುಂಡಿ ನುಂಗಿತ್ತು ಎಂದು ವರದಿ ಒಪ್ಪಿಸುತ್ತಿದ್ದಳು. ನಾನು ತಲೆಯೆತ್ತದೆ ಸೂಜಿ ಆಡಿಸುತ್ತ, "ಎಂಥ ಗುಂಡಿ? ನಾಲ್ಕು ತೂತಿಂದಾ, ಎರಡು ತೂತಿಂದಾ?" ಎಂದು ಕೇಳುತ್ತಿದ್ದೆ. ಅವಳು ನಗುತ್ತಿದ್ದಳು. ಆ ಮನೆಯಲ್ಲಿ ಮತ್ತೆ ಮಾತು ಕೇಳಿಸುತ್ತಿದ್ದದ್ದು ನನಗೆ ಎಷ್ಟು ಹಿತವಾಗಿತ್ತು ಎಂದು ನಾನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ.

ಒಂದು ದಿನ ಟೀ ಲೋಟ ಕೊಡುತ್ತ ನಿಂತೇ ಹೇಳಿದಳು. "ಮಾವ, ಹೊಸ ಮೆಷಿನ್ ಬರ್ತಿದೆ. ಅದನ್ನ ಕಲಿಯೋಕೆ ಮೂರು ತಿಂಗಳು ಬೇರೆ ಊರಿಗೆ ಕಳಿಸ್ತಿದಾರೆ. ವಾಪಸ್ ಬಂದ ಮೇಲೆ ಆಸ್ಪತ್ರೆ ಕಾಂಪೌಂಡಲ್ಲೇ ಕ್ವಾರ್ಟರ್ಸ್ ಕೊಡ್ತಾರಂತೆ. ಇಲ್ಲಿಂದ ದಿನಾ ಎರಡು ಬಸ್ಸು ಹತ್ತಿ ಇಳಿಯೋದು ತಪ್ಪುತ್ತೆ. ಬಂದ ಮೇಲೆ ಹೇಳ್ತೀನಿ ಅಂದಿದೀನಿ. ನೀವೇನಂತೀರಿ?"

"ನಿಮ್ಮಿಷ್ಟ," ಎಂದೆ.

ಹೋಗಬೇಡ ಎನ್ನಬೇಕಿತ್ತು. ಬಾಯಿಯಿಂದ ಬಂದದ್ದು ಇದು. ಅವಳು ಸ್ವಲ್ಪ ಹೊತ್ತು ಕಾದು, ಲೋಟ ತೆಗೆದುಕೊಂಡು ಒಳಗೆ ಹೋದಳು.

ಹೊರಡುವ ದಿನ ಒಂದು ಹಳೆಯ ಎಕ್ಸ್-ರೇ ಕವರಿನ ಬೆನ್ನಿಗೆ ಗಿಡದ ಆರೈಕೆಯನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಮಣ್ಣಿಗೆ ಬೆರಳು ಎರಡು ಗೆಣ್ಣಿನಷ್ಟು ಇಳಿಸಿ ನೋಡಬೇಕು, ಒಣಗಿದ್ದರೆ ಮಾತ್ರ ನೀರು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಎಲೆಯನ್ನು ಅಡಿಯಿಂದ ಅಂಗೈಯಲ್ಲಿ ಹಿಡಿದು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕಾಂಡದಿಂದ ಹೊರಗೆ ನೇತಾಡುವ ಬೇರುಗಳನ್ನು ಕತ್ತರಿಸಬಾರದು. ಇದನ್ನು ನನ್ನನ್ನು ಬಲ್ಲವಳಾಗಿ ಬರೆದಿದ್ದಳು. ನೇತಾಡುವ ದಾರ ಕಂಡರೆ ನನ್ನ ಕೈ ತಾನೇ ಕತ್ತರಿ ಹುಡುಕುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲುಸುತ್ತು ತಿರುಗಿಸಬೇಕು. ಹೊಸ ಎಲೆ ಸುರುಳಿಯಾಗಿ ಬರುತ್ತದೆ, ಅದನ್ನು ಮುಟ್ಟಬಾರದು. ಎಲ್ಲದರ ಕೊನೆಗೆ ಸಣ್ಣ ಅಕ್ಷರದಲ್ಲಿ, 'ಸಾಧ್ಯವಾದರೆ ಸ್ವಲ್ಪ ಬೆಳಕು' ಎಂದಿತ್ತು.

ಆ 'ಸಾಧ್ಯವಾದರೆ' ನನಗೆ ಚುಚ್ಚಿತು. ಎರಡು ವರ್ಷ ನನ್ನ ಮನೆಯಲ್ಲಿದ್ದು, ಒಂದು ಕುಂಡಕ್ಕೆ ಬೆಳಕು ಕೇಳಲು ಅವಳು ಸಣ್ಣ ಅಕ್ಷರ ಹುಡುಕಬೇಕಾಗಿತ್ತು. ಮೂರು ದಿನ ಅಡುಗೆಮನೆಗೆ ಹೋದಾಗಲೆಲ್ಲ ಅದನ್ನೇ ಓದಿದೆ. ನಾಲ್ಕನೆಯ ದಿನ ಬೆಳಗ್ಗೆ ನನ್ನ ಕುರ್ಚಿಯನ್ನು ಎರಡು ಮೊಳ ಪಕ್ಕಕ್ಕೆ ಎಳೆದು, ಕುಂಡವನ್ನು ತಬ್ಬಿಕೊಂಡು ತಂದು ಕಿಟಕಿಯ ಮುಂದೆ ಇಟ್ಟೆ. ಸೊಂಟ ಹಿಡಿದುಕೊಂಡಿತು. ಗಿಡ ಮಾತ್ರ ಅರಮನೆಗೆ ಬಂದ ಅಳಿಯನಂತೆ ನಿಂತಿತ್ತು.

ಕೆಳಗಿನ ಇಸ್ತ್ರಿಯವನು ನನ್ನ ಹಳೆಯ ಗೆಳೆಯ. ನಾನು ರಫೂ ಹಾಕಿದ್ದಕ್ಕೆ ಅವನು ಇಸ್ತ್ರಿ ಒತ್ತಿದರೇ ಕೆಲಸ ಮುಗಿದ ಹಾಗೆ. ಬಟ್ಟೆ ಒಯ್ಯಲು ಮೇಲೆ ಬಂದವನು ಕಿಟಕಿ ನೋಡಿ ಬಾಗಿಲಲ್ಲೇ ನಿಂತ.

"ಅಲ್ಲಯ್ಯಾ, ಹೆಂಡ್ತಿ ಟವಲಿಗೆ ಇಲ್ಲದ ಜಾಗ ಗಿಡಕ್ಕೆ ಹೇಗೆ ಬಂತು?"

"ನಿನ್ನ ಕೆಲಸ ನೋಡ್ಕೋ," ಎಂದೆ.

ಬರಬರುತ್ತ ನನಗೇ ಅದು ರೂಢಿಯಾಯಿತು. ಬೆಳಗ್ಗೆ ಎದ್ದೊಡನೆ ಮಣ್ಣಿಗೆ ಬೆರಳಿಳಿಸುವುದು, ಆಮೇಲೆ ಟೀ. ಎಲೆ ಒರೆಸುವ ಕೆಲಸವಂತೂ ನನಗೆಂದೇ ಮಾಡಿಸಿದ್ದು. ರೇಷ್ಮೆ ಬಟ್ಟೆಯನ್ನು ಅಡಿಯಿಂದ ಹಿಡಿಯುವ ಹಾಗೆಯೇ ಎಲೆಯನ್ನೂ ಹಿಡಿಯಬೇಕು. ಒರೆಸಿದ ಮೇಲೆ ಆ ಹಸಿರು ಎಷ್ಟು ಆಳವಾಗಿ ಕಾಣುತ್ತಿತ್ತೆಂದರೆ, ನನ್ನ ಪೆಟ್ಟಿಗೆಯ ಇಪ್ಪತ್ತಾರು ಬಗೆಯ ಹಸಿರು ದಾರಗಳಲ್ಲಿ ಯಾವುದು ಅದಕ್ಕೆ ಹೊಂದುತ್ತದೆ ಎಂದು ಒಂದೊಂದನ್ನೇ ಹಿಡಿದು ನೋಡಿದೆ. ಒಂದೂ ಪೂರ್ತಿ ಹೊಂದಲಿಲ್ಲ. ಹತ್ತೊಂಬತ್ತನೆಯದು ಹತ್ತಿರ ಬಂತು. ಕೆಲಸ ಮಾಡುತ್ತ ಮಾಡುತ್ತ ಗಿಡದ ಜೊತೆ ಮಾತಾಡಲೂ ಶುರುಮಾಡಿದೆ. ಎದುರುತ್ತರ ಕೊಡದವರ ಜೊತೆ ಮಾತಾಡುವುದು ನನ್ನಂಥವನಿಗೆ ಬಹಳ ಸುಖ.

ಭಾನುವಾರ ಭಾನುವಾರ ಸೊಸೆ ಫೋನ್ ಮಾಡುತ್ತಿದ್ದಳು. ಮೊದಲು ಗಿಡದ ಯೋಗಕ್ಷೇಮ, ಆಮೇಲೆ ನನ್ನದು. "ದೊಡ್ಡೆಲೆ ಹೇಗಿದೆ ಮಾವ?" "ನನಗಿಂತ ಚೆನ್ನಾಗಿದೆ." ಕಿಟಕಿಯ ವಿಷಯ ಬಾಯಿಬಿಡಲಿಲ್ಲ. ಬಂದಾಗ ಅವಳೇ ನೋಡಲಿ ಎಂದಿತ್ತು ನನ್ನ ಆಸೆ. ನೋಡಿದರೆ, ನಾನು ಹೇಳಲಾರದ್ದು ಅವಳಿಗೆ ತಿಳಿದೀತು, ಕ್ವಾರ್ಟರ್ಸ್ ಮಾತು ಅಲ್ಲಿಗೇ ನಿಂತೀತು ಎಂದುಕೊಂಡಿದ್ದೆ.

ಎರಡು ತಿಂಗಳು ದಾಟುವಾಗ ಗಿಡದ ನಡುವಿನಿಂದ ಹೊಸ ಎಲೆಯೊಂದು ಸುರುಳಿಯಾಗಿ ಹೊರಟಿತು. ಬಿಗಿಯಾಗಿ ಸುತ್ತಿದ ಕಾಗದದಂತೆ, ಎಳೆ ಹಸಿರು. ನಾನು ದಿನವೂ ಟೇಪು ಹಿಡಿದು ಅಳೆದೆ. ಒಂದು ಗೇಣಾಯಿತು, ಒಂದೂವರೆಯಾಯಿತು, ಬಿಚ್ಚಿಕೊಳ್ಳುವ ಲಕ್ಷಣವೇ ಇಲ್ಲ. ಹನ್ನೊಂದು ದಿನ ತಾಳಿದೆ. ಸೊಸೆ ಬರಲು ಇನ್ನು ಹದಿನೈದು ದಿನವಿತ್ತು, ಅಷ್ಟರಲ್ಲಿ ಎಲೆ ಪೂರ್ತಿ ಅರಳಿ ನಿಂತಿರಬೇಕು ಎಂಬ ಹಟ ನನಗೆ. ಹನ್ನೆರಡನೆಯ ದಿನ ಕೈ ತೊಳೆದುಕೊಂಡು ಬಂದು, ಮುಟ್ಟಬಾರದು ಎಂದು ಬರೆದದ್ದನ್ನು ಮುಟ್ಟಿದೆ. ಸುರುಳಿಯ ಅಂಚನ್ನು ಉಗುರಿನಿಂದ ಎಬ್ಬಿಸಿ ಒಂದು ಬೆರಳಗಲ ಬಿಡಿಸಿದೆ, ಅಷ್ಟೆ. ಬಿಟ್ಟೆ.

ಮಾರನೆಯ ಬೆಳಗ್ಗೆ ಎಲೆ ಪೂರ್ತಿ ಬಿಚ್ಚಿಕೊಂಡಿತ್ತು. ಬೇರೆ ಎಲ್ಲ ಎಲೆಗಿಂತ ದೊಡ್ಡದು. ಎಡಕ್ಕೆ ಮೂರು ಸೀಳು, ಬಲಕ್ಕೆ ಎರಡು. ಅಂಚಿನಿಂದ ನಡುವಿನ ನರದ ಹತ್ತಿರದವರೆಗೂ ಸೀಳಿಹೋಗಿತ್ತು.

ಆ ಗಿಡದಲ್ಲಿ ಇದ್ದ ಒಂಬತ್ತು ಎಲೆಯೂ ಇಡಿ ಎಲೆ, ಒಂದರಲ್ಲೂ ಒಂದು ಗೆರೆ ಇರಲಿಲ್ಲ. ತಲೆ ಮೇಲೆ ಕೈ ಹೊತ್ತು ಕುಳಿತೆ. ಅವಳ ತಾಯಿಯ ಗಿಡ. ಒಂದು ಎಲೆ ಹರಿದುಕೊಟ್ಟು, ಇಲ್ಲೇ ಇರಮ್ಮ ಎಂದು ಯಾವ ಮುಖ ಹೊತ್ತು ಹೇಳಲಿ?

ಸರಿಯಾಗಿ ನೋಡಿದ್ದರೆ ಆಗಲೇ ತಿಳಿಯಬೇಕಿತ್ತು. ಹರಿದದ್ದರ ಅಂಚು ಹೇಗಿರುತ್ತದೆ ಎಂದು ನನಗಿಂತ ಬಲ್ಲವರಿಲ್ಲ. ಹರಿದಲ್ಲಿ ಎಳೆ ಚದುರಿರುತ್ತದೆ, ಅಂಚು ಒರಟಾಗಿರುತ್ತದೆ. ಈ ಸೀಳುಗಳ ಅಂಚು ಅಂಚುಪಟ್ಟಿ ಮಡಚಿ ಹೊಲಿದಷ್ಟು ನುಣುಪಾಗಿತ್ತು. ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಪ್ಪು ಮಾಡಿದವನ ಕಣ್ಣು ತಪ್ಪನ್ನೇ ನೋಡುತ್ತದೆ.

ಕುರ್ಚಿ ಎಳೆದುಕೊಂಡೆ. ಕೂದಲೆಳೆಯಂಥ ಸೂಜಿ ತೆಗೆದೆ, ಹತ್ತೊಂಬತ್ತನೆಯ ಹಸಿರು ತೆಗೆದೆ, ರೇಷ್ಮೆ ದಾರವನ್ನು ನಾಲ್ಕಾಗಿ ಸೀಳಿ ಒಂದೆಳೆ ಪೋಣಿಸಿದೆ. ಬೆಳಗ್ಗಿನಿಂದ ಮಧ್ಯಾಹ್ನ ಮೂರರವರೆಗೆ, ಎಲೆಯ ಎರಡು ಅಂಚನ್ನು ಕೂಡಿಸಿ, ಒಂದೊಂದು ಸೀಳಿಗೆ ಮೂವತ್ತು ನಲವತ್ತು ಹೊಲಿಗೆ ಹಾಕಿದೆ. ಉಸಿರು ಬಿಗಿಹಿಡಿದು ಹಾಕಿದ ಹೊಲಿಗೆ. ಮುಗಿಸಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ನನಗೇ ಕಾಣಲಿಲ್ಲ. ನಿಜ ಹೇಳುತ್ತೇನೆ, ಜನ್ಮದಲ್ಲಿ ನಾನು ಅಷ್ಟು ಚೆಂದದ ರಫೂ ಹಾಕಿರಲಿಲ್ಲ.

ಸಂಜೆ ಬಟ್ಟೆಗೆ ಬಂದ ಇಸ್ತ್ರಿಯವನು ಸೂಜಿಪೆಟ್ಟಿಗೆ ಗಿಡದ ಬುಡದಲ್ಲಿರುವುದನ್ನು ನೋಡಿಬಿಟ್ಟ. ವಿಷಯ ಹೇಳಬೇಕಾಯಿತು. ಅವನು ಎಲೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

"ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ್ನಂತೆ," ಎಂದ. "ಆದ್ರೂ ಕೈ ಅಂದ್ರೆ ನಿಂದು ಕಣಯ್ಯಾ. ಇಸ್ತ್ರಿ ಒಂದು ಬಾಕಿ."

ಆ ಭಾನುವಾರ ಫೋನು ಬಂತು. ಹೊಸ ಎಲೆ ಬಂದಿದೆ ಎಂದು ಹೇಳದಿರಲು ಆಗಲಿಲ್ಲ.

"ಹೌದಾ? ದೊಡ್ಡದಾ? ಸೀಳಿದ್ಯಾ ಮಾವ ಅದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ನನ್ನಂಥವರಿಗೇ. "ಸೀಳೋದಾ? ಎಲ್ಲಿ? ಒಂದು ಚೂರೂ ಇಲ್ಲ. ಇಡಿಯಾಗಿದೆ," ಎಂದು ಜೋರಾಗಿಯೇ ಹೇಳಿದೆ.

"ಓ. ಸರಿ," ಎಂದಳು. ದನಿ ಇಳಿದಿತ್ತು. ಆಮೇಲೆ, "ಕ್ವಾರ್ಟರ್ಸಿಗೆ ಹೂಂ ಅಂತ ಹೇಳೋಣ ಅನ್ಕೊಂಡಿದೀನಿ ಮಾವ. ಬಂದ್ಮೇಲೆ ಅರ್ಜಿ ಕೊಡ್ತೀನಿ," ಎಂದಳು.

ಹೋಗಬೇಡ ಎನ್ನುವುದನ್ನು ಫೋನಿಟ್ಟ ಮೇಲೆ ಗಿಡಕ್ಕೆ ಹೇಳಿದೆ. ಅದಕ್ಕೆ ಹೇಳಿ ಏನು ಪ್ರಯೋಜನ.

ಒಂದು ವಾರ ಕಳೆಯುವಷ್ಟರಲ್ಲಿ ಎಲೆಯ ಮೇಲೆ ನಿರಿಗೆ ಬೀಳತೊಡಗಿತು. ಮೊದಲು ಹೊಲಿಗೆಯ ಉದ್ದಕ್ಕೆ ಸಣ್ಣ ಮಡಿಕೆ, ಆಮೇಲೆ ಎಡಭಾಗವೆಲ್ಲ ಗವಸಿನೊಳಗೆ ಮುದುಡಿದ ದಿಂಬಿನಂತೆ ಉಬ್ಬಿ ಸುಕ್ಕಾಯಿತು. ಒಂದೊಂದು ಹೊಲಿಗೆಯೂ ಬಿಗಿದುಕೊಂಡು, ಸೂಜಿ ಹೋದ ತೂತು ಕಣ್ಣಿಗೆ ಕಾಣುವಷ್ಟಾಯಿತು. ಎಲೆ ಬೆಳೆಯುತ್ತಿತ್ತು. ಬಟ್ಟೆ ಬೆಳೆಯುವುದಿಲ್ಲ, ನಲವತ್ತೊಂದು ವರ್ಷದಲ್ಲಿ ಇದನ್ನು ಯೋಚಿಸುವ ಪ್ರಸಂಗವೇ ನನಗೆ ಬಂದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು. ಬಿಚ್ಚೋಣವೆಂದರೆ ಬಿಗಿದ ದಾರ ಎಲೆಯನ್ನೇ ಕೊಯ್ದೀತೆಂದು ಕತ್ತರಿ ಕೆಳಗಿಟ್ಟೆ. ಕೊನೆಗೆ ಕುಂಡವನ್ನು ತಿರುಗಿಸಿ, ಆ ಎಲೆ ಗೋಡೆಯ ಕಡೆ ಮುಖಮಾಡುವಂತೆ ಇಟ್ಟೆ.

ಸೊಸೆ ಬಂದದ್ದು ಶನಿವಾರ ಬೆಳಗ್ಗೆ ಹತ್ತಕ್ಕೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು, ಬ್ಯಾಗು ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು. ಕಿಟಕಿ ನೋಡಿದಳು. ಪಕ್ಕಕ್ಕೆ ಸರಿದ ನನ್ನ ಕುರ್ಚಿ ನೋಡಿದಳು.

"ಯಾವಾಗಿಂದ ಇಲ್ಲಿದೆ ಇದು?"

"ನೀನು ಹೋದ ನಾಲ್ಕನೇ ದಿನದಿಂದ."

"ಮತ್ತೆ ನಿಮ್ಮ ಕೆಲಸ?"

"ನಡೀತು. ಬೆಳಕೇನು ನನ್ನೊಬ್ಬನ ಸ್ವತ್ತಾ?"

ಅವಳು ಬ್ಯಾಗು ಇಳಿಸಿ, ಗಿಡದ ಹತ್ತಿರ ಹೋಗಿ, ಅಭ್ಯಾಸಬಲದಿಂದ ಕುಂಡವನ್ನು ಕಾಲುಸುತ್ತು ತಿರುಗಿಸಿದಳು. ಎಲೆ ಎದುರಿಗೆ ಬಂತು. ಕೂದಲೆಳೆಯಂಥ ಬಿರುಕನ್ನು ಮೂಳೆಯೊಳಗಿಂದ ಹುಡುಕಿ ತೆಗೆಯುವ ಕಣ್ಣು ಅವಳದು. ಇದಕ್ಕೆ ಅದೂ ಬೇಕಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

"ಮಾವ, ಏನಿದು?"

"ರಫೂ," ಎಂದೆ. ಬೇರೆ ದಾರಿಯಿರಲಿಲ್ಲ. "ಮುಟ್ಟಬೇಡಿ ಅಂತ ನೀನು ಬರೆದಿದ್ದೆ, ನಾನು ಮುಟ್ಟಿದೆ. ಬಿಚ್ಚೋಕೆ ಹೋಗಿ ಹರಿದುಬಿಟ್ಟೆ. ಐದು ಕಡೆ. ನಿಮ್ಮಮ್ಮನ ಗಿಡ. ನಿನ್ನ ಹತ್ರ ಸುಳ್ಳೂ ಹೇಳಿದೆ. ಏನು ಬೈತೀಯೋ ಬೈದುಬಿಡು."

ಅವಳು ಬೈಯಲಿಲ್ಲ. ಎಲೆಯ ಮೇಲೆ ಬೆರಳಾಡಿಸಿದಳು. ಒಂದು, ಎರಡು, ಮೂರು ಎಂದು ತುಟಿಯಲ್ಲೇ ಎಣಿಸಿದಳು. ಆಮೇಲೆ ನೆಲದ ಮೇಲೆ ಕುಳಿತು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನೀರು ನಗುವಿನದೋ ಬೇರೆಯೋ ನನಗೆ ಅರ್ಥವಾಗಲಿಲ್ಲ.

"ನೀವು ಹರಿದಿಲ್ಲ ಮಾವ. ಇದು ಸೀಳೋ ಜಾತಿ ಗಿಡಾನೇ. ಎಳೇದಿದ್ದಾಗ ಇಡಿ ಎಲೆ ಬರುತ್ತೆ. ಬೇಕಾದಷ್ಟು ಬೆಳಕು ಸಿಕ್ಕಿ, ಗಟ್ಟಿಯಾದ ಮೇಲೆ ಸೀಳಿದ ಎಲೆ ಬಿಡುತ್ತೆ. ಅಮ್ಮ ಒಂಬತ್ತು ವರ್ಷ ಕಾದ್ಲು. ನಮ್ಮ ಮನೆ ಹಿಂದಿನ ಓಣೀಲಿ ಬಿಸಿಲೇ ಬೀಳ್ತಿರಲಿಲ್ಲ. ಎಲೆ ಸೀಳಿತು ಅಂದ್ರೆ ಗಿಡ ಮನೆಗೆ ಒಗ್ಗಿತು ಅಂತ ಅರ್ಥ ಕಣೇ ಅಂತಿದ್ಲು. ಇಲ್ಲೂ ಎರಡು ವರ್ಷ ಆಗ್ಲಿಲ್ಲ. ಇನ್ನಾಗಲ್ಲ ಅಂತ ನಿಮಗೆ ಹೇಳೋಕೂ ಹೋಗ್ಲಿಲ್ಲ." ಕಣ್ಣೊರೆಸಿಕೊಂಡಳು. "ಅವತ್ತು ಫೋನಲ್ಲಿ ಅದಕ್ಕೇ ಕೇಳಿದ್ದು. ನೀವು ಇಲ್ಲ ಅಂದ್ರಿ. ಸರಿ, ಇದಕ್ಕೂ ಈ ಮನೆ ಒಗ್ಗಲಿಲ್ಲ, ನನಗೂ ಇಲ್ಲ ಅನ್ಕೊಂಡೆ."

ಕೆಳಗೆ ಇಸ್ತ್ರಿಯವನು ಯಾರ ಮೇಲೋ ರೇಗುತ್ತಿದ್ದ. ಈಗಲೂ ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ ಎನ್ನಿಸಿತು.

"ಹೋಗಬೇಡಮ್ಮ," ಎಂದೆ. "ಅವತ್ತೇ ಹೇಳಬೇಕಿತ್ತು. ನೀನಿಲ್ಲದೆ ಮೂರು ತಿಂಗಳು ಗಿಡದ ಜೊತೆ ಮಾತಾಡಿದೀನಿ. ಯಾವ ಮಗು ಏನು ನುಂಗಿತು ಅಂತ ಹೇಳೋರಿಲ್ಲ ನನಗೆ."

ಅವಳು ನನ್ನ ಪೆಟ್ಟಿಗೆಯಿಂದ ಸಣ್ಣ ಕತ್ತರಿ ತೆಗೆದು ನನ್ನ ಕೈಗೆ ಕೊಟ್ಟಳು. "ಮೊದಲು ಹೊಲಿಗೆ ಬಿಚ್ಚಿ. ಪಾಪ, ಉಸಿರು ಕಟ್ಟಿದೆ ಅದಕ್ಕೆ."

ಅವಳು ಎಲೆಯನ್ನು ಅಡಿಯಿಂದ ಅಂಗೈಯಲ್ಲಿ ಹಿಡಿದಳು. ನಾನು ಒಂದೊಂದೇ ಹೊಲಿಗೆ ಕತ್ತರಿಸಿ ಎಳೆ ತೆಗೆದೆ. ನೂರ ಎಪ್ಪತ್ತಕ್ಕೂ ಹೆಚ್ಚು ಹೊಲಿಗೆ. ಒಂದೊಂದು ಸೀಳು ಬಿಟ್ಟುಕೊಂಡ ಹಾಗೆ ಎಲೆ ಸ್ವಲ್ಪ ಸ್ವಲ್ಪವೇ ಅಗಲವಾಯಿತು. ಕೊನೆಯ ಎಳೆ ಬಂದಾಗ ಗಂಟೆ ಒಂದು ದಾಟಿತ್ತು. ಐದು ಸೀಳೂ ಬಾಯಿಬಿಟ್ಟು, ಅವುಗಳ ಸಂದಿನಿಂದ ಬೀದಿಯ ಬೆಳಕು ನೆಲಕ್ಕೆ ಬಿತ್ತು. ಅಂಚಿನುದ್ದಕ್ಕೂ ಸೂಜಿಯ ತೂತುಗಳ ಸಾಲು ಉಳಿದಿತ್ತು.

"ಇದು ಹೋಗಲ್ವಾ?" ಎಂದು ಕೇಳಿದೆ.

"ಹೋಗಲ್ಲ. ಇರಲಿ. ಯಾರ ಕೈ ಅಂತ ಗೊತ್ತಾಗುತ್ತೆ," ಎಂದಳು. ಎದ್ದು ಸೊಂಟದ ಮೇಲೆ ಕೈಯಿಟ್ಟು ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಒಗ್ಗಿದ ಗಿಡಾನ ಇಲ್ಲಿಂದ ಎತ್ಕೊಂಡು ಹೋಗೋಕೆ ನನಗೇನು ಹುಚ್ಚಾ? ಎರಡು ಬಸ್ಸು ತಾನೇ, ಹತ್ತಿಳಿದ್ರೆ ಆಯ್ತು. ನಿಮ್ಮ ಮಗನಿಗೆ ನಾನೇ ಹೇಳ್ತೀನಿ. ಆದ್ರೆ ಇನ್ನೊಂದು ಎಲೆ ಬಂದಾಗ ಸೂಜಿ ಮುಟ್ಟಿದ್ರೆ ನೋಡಿ."

ಮಧ್ಯಾಹ್ನ ಊಟವಾದ ಮೇಲೆ ಒಳಗಿನ ಕೋಣೆಯಲ್ಲಿ ಏನೋ ಕರಕರ ಎಳೆದ ಸದ್ದಾಯಿತು. ಬಗ್ಗಿ ನೋಡಿದೆ. ಮಂಚದ ಕೆಳಗಿದ್ದ ಎರಡನೆಯ ಟ್ರಂಕನ್ನು ಕೋಣೆಯ ನಡುವಿಗೆ ಎಳೆದು, ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಡುತ್ತಿದ್ದಳು.

ನಾನು ಬಂದು ಕುರ್ಚಿಯಲ್ಲಿ ಕುಳಿತು ಒಂದು ಕೋಟಿನ ತೋಳು ಕೈಗೆತ್ತಿಕೊಂಡೆ. ಅರ್ಧ ಬೆಳಕು ನನಗೆ, ಅರ್ಧ ದೊಡ್ಡೆಲೆಗೆ. ನನ್ನ ಹೊಲಿಗೆ ಯಾರ ಕಣ್ಣಿಗೂ ಬೀಳದಿರಲಿ ಎಂದು ಇಷ್ಟು ವರ್ಷ ಸೂಜಿ ಹಿಡಿದವನು ನಾನು. ಆ ಒಂದು ರಫೂ ಎಂದಿನಂತೆ ಕಾಣದೇ ಹೋಗಿದ್ದರೆ, ಅವಳು ಅದನ್ನು ಇಡಿ ಎಲೆ ಎಂದೇ ತಿಳಿದು, ಕುಂಡವನ್ನೂ ಟ್ರಂಕನ್ನೂ ಕ್ವಾರ್ಟರ್ಸಿಗೆ ಒಯ್ದಿರುತ್ತಿದ್ದಳು.